ಮರಳು ದಪ್ಪ ಆಯ್ತು

"ಈ ಮರಳು ನಡೆಯೂದಿಲ್ಲ ಮಾರಾಯ್ರೆ" ಎನ್ನುತ್ತಾ ದಿನಕರ ಒಂದು ಹಾರ್ಲಿಕ್ಸ್ ಬಾಟಲಿ ತಂದು ಬೆಂಚಿನ ಮೇಲೆ ಕುಟ್ಟಿದ.

"ಯಾಕೋ, ಏನಾಗಿದೆ ಅದಕ್ಕೆ?" ಮಾಸ್ತರು ಚಾದೊಳಗೆ ಬನ್ಸ್ ಅದ್ದುತ್ತಾ ಕೇಳಿದರು.

"ದಪ್ಪ ಆಯ್ತು."

"ಊರೆಲ್ಲ ಮರಳು ಸಿಗ್ತಿಲ್ಲ ಅಂತ ಮನೆ ಕೆಲಸ ನಿಲ್ಲಿಸಿ ಕೂತಿದೆ. ನಿನಗೆ ಸಿಕ್ಕಿದ್ದು ದಪ್ಪ ಆಯ್ತಾ? ಸ್ಲ್ಯಾಬು ಯಾವಾಗ?"

ಸ್ಲ್ಯಾಬು ಎಲ್ಲಿಂದ ಬರಬೇಕು. ದಿನಕರ ಕಟ್ಟುತ್ತಿರುವುದು ಲೋಂಗೇವಾಲಾ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ಮೇಲೆ ರಾಜಸ್ಥಾನದ ಮರುಭೂಮಿ. 1971ರ ಡಿಸೆಂಬರ್ 5ರ ಬೆಳಗು. ಒಂದು ಪಾಕಿಸ್ತಾನಿ ಟ್ಯಾಂಕು, ಆರು ಮಂದಿ ನಮ್ಮ ಜವಾನರು. ಇದಕ್ಕೆ ಡಯೊರಾಮಾ ಎನ್ನಬೇಕಂತೆ. ಮಾಸ್ತರು ಒಮ್ಮೆ ಬಾಯಿ ತಪ್ಪಿ ಗೊಂಬೆ ಕೂರಿಸೋದು ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

"ಸ್ಕೇಲು 1:35 ಮಾಸ್ತರೇ. ನಮ್ಮ ಜವಾನ ಐದು ಸೆಂಟಿಮೀಟರ್ ಸಹ ಇಲ್ಲ. ಈ ಮರಳಿನ ಒಂದು ಕಾಳು ಒಂದು ಮಿಲಿಮೀಟರ್. 35ರಿಂದ ಗುಣಿಸಿ ನೋಡಿ. ಮೂರೂವರೆ ಸೆಂಟಿಮೀಟರ್! ಅಂದ್ರೆ ನಮ್ಮವರು ಮರಳ ಮೇಲೆ ಅಲ್ಲ, ಒಂದೂವರೆ ಇಂಚಿನ ಜಲ್ಲಿ ಮೇಲೆ ಬೋರಲು ಮಲಗಿ ಗುಂಡು ಹಾರಿಸ್ತಿದ್ದಾರೆ."

"ಪಾಪ, ಮೊಣಕೈ ತರಚಿರಬೇಕು."

"ಜರಡಿ ಹಿಡೀಬೇಕಪ್ಪ" ಎಂದರು ಹೆಗಡೇರು. ಶಿರಸಿಯಿಂದ ಕೇಸಿನ ತಾರೀಖಿಗೆ ಬಂದವರು. ತಾರೀಖು ಮುಂದೆ ಹೋದ ದಿನವೆಲ್ಲ ನಮ್ಮ ಬೆಂಚಿನ ಮೇಲೇ ಇರುತ್ತಾರೆ. ಹಾಗಾಗಿ ಯಾವಾಗಲೂ ಇರುತ್ತಾರೆ.

"ಹಿಡಿದೆ. ಮೂರು ಸಲ. ಆಮೇಲೆ ಹೆಂಡತಿಯ ಕಾಟನ್ ಸೀರೆಯಲ್ಲಿ ವಸ್ತ್ರಗಾಳಿ ಹಿಡಿದೆ."

"ಯಾವ ಸೀರೆ?"

"ಹಳೇದು ಅಂದ್ಕೊಂಡಿದ್ದೆ."

ಎಲ್ಲರೂ ಒಂದು ಗಳಿಗೆ ಚಾ ಕುಡಿಯುವುದನ್ನು ನಿಲ್ಲಿಸಿದರು.

"ಹಾಗಾದ್ರೆ ಯುದ್ಧ ಅಲ್ಲೇ ಶುರುವಾಯ್ತು ಅನ್ನು" ಎಂದರು ಮಾಸ್ತರು.

"ತಮಾಷೆ ಬೇಡ ಮಾಸ್ತರೇ. ಇಷ್ಟೆಲ್ಲ ಮಾಡಿ ನೋಡಿದ್ರೆ ಮರಳಿನಲ್ಲಿ ಚಿಪ್ಪಿನ ಪುಡಿ. ಮರುಭೂಮಿಯಲ್ಲಿ ಚಿಪ್ಪು ಎಲ್ಲಿಂದ ಬಂತು ಅಂತ ನಾಳೆ ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ? ನಿನ್ನ ಟಿವಿ ಸ್ಟ್ಯಾಂಡ್ ಹತ್ರ ಭೂತಗನ್ನಡಿ ಹಿಡ್ಕೊಂಡು ಬರೋನು ಯಾರೋ?"

"ಹಿಸ್ಟಾರಿಕಲ್ ಆಕ್ಯುರಸಿ ಅಂತ ಒಂದಿದೆ ಮಾಸ್ತರೇ."

ಈ ಮಾತು ದಿನಕರನ ಬಾಯಿಗೆ ಬಂದದ್ದು ಕಳೆದ ಮಳೆಗಾಲದಲ್ಲಿ. ನಿವೃತ್ತಿಯಾಗಿತ್ತು, ಹೊರಗೆ ಮಳೆ, ಕೈಯಲ್ಲಿ ಯೂಟ್ಯೂಬು. ಬ್ಯಾಂಕಿನಲ್ಲಿದ್ದಾಗ ಸಂಜೆ ಲೆಕ್ಕದಲ್ಲಿ ಎರಡು ರೂಪಾಯಿ ಕಡಿಮೆ ಬಿದ್ದರೆ ತನ್ನ ಕಿಸೆಯಿಂದ ಹಾಕಿ ಮನೆಗೆ ಹೋಗುತ್ತಿದ್ದ ಮನುಷ್ಯ, ಈಗ ಟ್ಯಾಂಕಿನ ಗಾಲಿಯ ಬೋಲ್ಟು ಎಣಿಸುತ್ತಾನೆ. ಹೀಗೆ ಎಣಿಸುವವರಿಗೆ ಆ ಹವ್ಯಾಸದವರು ರಿವೆಟ್ ಕೌಂಟರ್ ಎನ್ನುತ್ತಾರಂತೆ. ಅದು ಬೈಗುಳ. ದಿನಕರ ಮಾತ್ರ ಬಿರುದು ಎಂದುಕೊಂಡಿದ್ದಾನೆ.

ಆ ಟ್ಯಾಂಕಿನದ್ದೇ ಒಂದು ಕತೆ. ಲೋಂಗೇವಾಲಾಕ್ಕೆ ಪಾಕಿಸ್ತಾನದವರು ತಂದದ್ದು ಟಿ-59, ಚೀನಾದ್ದು. ರಷ್ಯಾದ ಟಿ-54ರ ನಕಲು. ದಿನಕರ ಅವಸರ ಬಿದ್ದು ತರಿಸಿದ ಕಿಟ್ಟು ಟಿ-55ರದ್ದು. ನಮ್ಮಂಥವರಿಗೆ ಎರಡೂ ಒಂದೇ, ಕಂಡರೆ ಓಡುವುದು. ಆದರೆ ಹಳೆಯದರ ಗೋಪುರದ ಮೇಲೆ ಅಣಬೆಯ ತಲೆಯಂಥ ಒಂದು ಗಾಳಿಗಿಂಡಿ ಇರುತ್ತದೆ, 55ರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಇದು ಗೊತ್ತಾದ ರಾತ್ರಿ ದಿನಕರನಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದವನೇ ಅಡುಗೆಮನೆಗೆ ಹೋಗಿ, ಡಬ್ಬಿಯಲ್ಲಿ ಹುಡುಕಿ, ಉರುಟಾದ ಒಂದು ತೊಗರಿಬೇಳೆ ಆರಿಸಿ, ಅಂಟು ಹಾಕಿ ಕೂರಿಸಿದ. ಹಸಿರು ಬಣ್ಣ ಬಳಿದರೆ ಸಾಕ್ಷಾತ್ ಟಿ-59. ಮೂರನೇ ದಿನ ನೋಡಿದರೆ ಬೇಳೆ ಇಲ್ಲ. ಇರುವೆ ಎತ್ತಿಕೊಂಡು ಹೋಗಿತ್ತು.

"ಅರ್ಧ ಸೆಂಟಿಮೀಟರಿನ ಇರುವೆ" ಎಂದ ದಿನಕರ, "35ರ ಲೆಕ್ಕದಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ."

"ಪರಮವೀರ ಚಕ್ರ ಕೊಡಬೇಕಿತ್ತು ಆ ಇರುವೆಗೆ. ಒಬ್ಬಂಟಿಯಾಗಿ ಶತ್ರುವಿನ ಟ್ಯಾಂಕು ಹತ್ತಿದ್ದು ಸಣ್ಣ ಮಾತಲ್ಲ."

ಎಂ-ಸೀಲಿನಲ್ಲಿ ಮಾಡಿದ ಒಂಟೆಯ ಬಗ್ಗೆ ಜಾಸ್ತಿ ಹೇಳುವುದು ಬೇಡ. ಗಡಿ ಪಡೆಯವರ ಒಂಟೆ ಅದು. ನೋಡಿದ ಹೆಗಡೇರು ಇದು ಯಾವ ತಳಿಯ ಎಮ್ಮೆ ಎಂದು ಕೇಳಿದ ಮೇಲೆ ಒಳಗಿಟ್ಟಿದ್ದಾನೆ.

ವಾರ್ನಿಶ್‌ನದ್ದು ಇನ್ನೊಂದು. ಬಣ್ಣದ ಹೊಳಪು ಸಾಯಲಿ ಎಂದು ಮ್ಯಾಟ್ ವಾರ್ನಿಶ್ ಹೊಡೆಯಬೇಕು. ಹೊಡೆದ. ಆಗಸ್ಟ್ ತಿಂಗಳು, ಕಾರವಾರ, ಗೋಡೆಯೇ ಬೆವರುವ ದಿನ. ಗಾಳಿಯಲ್ಲಿ ನೀರಿನ ಪಸೆ ಇದ್ದರೆ ವಾರ್ನಿಶ್ ಬೆಳ್ಳಗೆ ಮಂಜುಗಟ್ಟುತ್ತದೆ ಎಂದು ಅದರ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಹತ್ತು ನಿಮಿಷದಲ್ಲಿ ಲೋಂಗೇವಾಲಾದಲ್ಲಿ ಹಿಮ ಬಿತ್ತು.

"ಬೋರ್ಡು ಬದಲಿಸಿ ಸಿಯಾಚಿನ್ ಅಂತ ಬರಿ ಅಂದೆ, ಕೇಳಲಿಲ್ಲ" ಎಂದರು ಮಾಸ್ತರು.

"ಸಿಯಾಚಿನ್‌ಗೆ ಟ್ಯಾಂಕು ಹೋಗೂದಿಲ್ಲ ಮಾಸ್ತರೇ."

"ರಾಜಸ್ಥಾನಕ್ಕೆ ಕಾರವಾರದ ಚಿಪ್ಪು ಹೋಗಿದೆಯಲ್ಲ, ಇದೂ ಹೋಗ್ತಿತ್ತು."

ದಿನಕರ ಮಾತು ಬದಲಿಸಲು ಕಿಸೆಯಿಂದ ಇನ್ನೊಂದು ಪುಟ್ಟ ಬಾಟಲಿ ತೆಗೆದ. ಒಳಗೆ ಕಂದು ಪುಡಿ. ನಶ್ಯ ಎಂದುಕೊಂಡು ಫರ್ನಾಂಡಿಸ್ ಕೈ ಚಾಚಿದ.

"ಮುಟ್ಬೇಡ. ತುಕ್ಕು."

"ಏನು?"

"ತುಕ್ಕಿನ ಪುಡಿ. ಟ್ಯಾಂಕಿನ ಸೈಲೆನ್ಸರಿಗೆ ಹಚ್ಚೋದಕ್ಕೆ. ಆನ್‌ಲೈನಲ್ಲಿ ತರಿಸಿದೆ. ನಾನೂರು ರೂಪಾಯಿ."

ಮಾಸ್ತರು ಬನ್ಸ್ ಕೆಳಗಿಟ್ಟರು. ಎದ್ದು ನಿಂತರು. ಅಂಗಡಿಯ ಶೆಡ್ಡಿನ ಕಬ್ಬಿಣದ ಕಂಬದ ಮೇಲೆ ಅಂಗೈ ಸವರಿ ದಿನಕರನ ಮುಂದೆ ಹಿಡಿದರು. ಅಂಗೈ ತುಂಬ ಕೆಂಪು.

"ಕಾರವಾರದಲ್ಲಿ ಕೂತು ದುಡ್ಡು ಕೊಟ್ಟು ತುಕ್ಕು ತರಿಸಿದೆಯಾ? ನನ್ನ ಗೇಟು, ನನ್ನ ಸ್ಕೂಟರು, ಕಿಟಕಿ ಸರಳು, ಎಲ್ಲ ನಿನ್ನವು. ಕೆರೆದುಕೊಂಡು ಹೋಗು. ಕಿಲೋಗೆ ನೂರು ರೂಪಾಯಿ ಕೊಡು, ಸಾಕು."

"ಅದು ಸ್ಕೇಲ್ ತುಕ್ಕಲ್ಲ" ಎಂದ ದಿನಕರ ಸಣ್ಣ ದನಿಯಲ್ಲಿ.

"ಈ 35 ಯಾವ ಶಾಸ್ತ್ರದ್ದೋ? ನಲವತ್ತಲ್ಲ, ಮೂವತ್ತಲ್ಲ. ಮೂವತ್ತೈದೇ ಯಾಕೆ?"

ಇಲ್ಲಿ ದಿನಕರ ಸ್ವಲ್ಪ ಮೆತ್ತಗಾದ. ಅದು ಮಿಲಿಟರಿ ಲೆಕ್ಕವೂ ಅಲ್ಲ, ಇತಿಹಾಸದ ಲೆಕ್ಕವೂ ಅಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ಟಾಮಿಯಾ ಕಂಪನಿಯವರು ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿದರು. ಮೋಟಾರಿನಿಂದ ಓಡುವಂಥದ್ದು. ಅದರ ಹೊಟ್ಟೆಯೊಳಗೆ ಎರಡು ಬ್ಯಾಟರಿ ಶೆಲ್ಲು ಹಿಡಿಯಬೇಕಿತ್ತು. ಹಿಡಿಯುವಷ್ಟು ದೊಡ್ಡದು ಮಾಡಿ, ಆಮೇಲೆ ಅಳೆದು ನೋಡಿದರೆ ಸುಮಾರು 35ಕ್ಕೆ ಒಂದು ಬಂತು. ಈಗ ಜಗತ್ತಿನ ತುಂಬ ಅದೇ ಅಳತೆ.

ಮಾಸ್ತರಿಗೆ ನಗು ತಡೆಯಲಿಲ್ಲ. "ಟಾರ್ಚಿನ ಶೆಲ್ಲಿನ ಅಳತೆಗೆ ಇತಿಹಾಸ ಕತ್ತರಿಸಿ, ಅದರಲ್ಲಿ ಮರಳು ದಪ್ಪ ಆಯ್ತು ಅಂತ ಅಳ್ತೀಯಲ್ಲೋ!"

ಅಲ್ಲಿಂದ ಮುಂದೆ ಆ ದಿನ ಎಲ್ಲವೂ 35ರಿಂದ ಭಾಗವಾಯಿತು. ತನ್ನ ಪೆನ್ಶನ್ನು ಈಗಾಗಲೇ ಸ್ಕೇಲ್ ಮಾಡೆಲ್ಲೇ ಎಂದರು ಮಾಸ್ತರು. ಫರ್ನಾಂಡಿಸ್ ಅರವತ್ತು ಎಮ್ಮೆಲ್ಲಿನ ಪೆಗ್ಗನ್ನು ಭಾಗಿಸಿ ನೋಡಿ ಬೇಜಾರಾದ. ಹೆಗಡೇರು ಮಾತ್ರ ಖುಷಿಯಾದರು. ಅವರ ಜಾಗದ ತಕರಾರು 27 ವರ್ಷದ್ದು. ಸ್ಕೇಲಿಗೆ ಇಳಿಸಿದರೆ ಒಂಬತ್ತು ತಿಂಗಳು ಚಿಲ್ಲರೆ. "ಹೆರಿಗೆ ಆಗಬೇಕಿತ್ತು ಇಷ್ಟೊತ್ತಿಗೆ" ಎಂದರು.

"ಅಲ್ಲ ದಿನಕರ" ಎಂದರು ಹೆಗಡೇರೇ ಮತ್ತೆ, "ನೋಡದ ಮರುಭೂಮಿ ಯಾಕೆ ಮಾಡ್ತೆ? ಕಣ್ಣೆದುರಿಗೇ ಚಾಪೆಲ್ ಇದ್ದಲ. ಅದನ್ನೇ ಮಾಡು. ಟೇಪು ಹಿಡಿದು ಅಳೆದ್ರಾತು."

ಟಾಗೋರ್ ಕಡಲತೀರದಲ್ಲಿ ಸಿಮೆಂಟ್ ಕಟ್ಟೆ ಮೇಲೆ ನಿಂತಿರುವ ಯುದ್ಧನೌಕೆ ಅದು. ದಿನಕರನ ಕಣ್ಣು ಅರಳಿತು. ಲೋಂಗೇವಾಲಾದ ಕಾಳಗ ಶುರುವಾದ ರಾತ್ರಿಯೇ, ಅಂದರೆ 1971ರ ಡಿಸೆಂಬರ್ 4ರಂದೇ, ನಮ್ಮ ಕ್ಷಿಪಣಿ ದೋಣಿಗಳು ಕರಾಚಿಗೆ ನುಗ್ಗಿದ್ದು. ನೌಕಾಪಡೆಯ ದಿನ ಅಂತ ಆಚರಿಸುವುದು ಅದನ್ನೇ. "ಕರಾಚಿಗೆ ಬೆಂಕಿ ಇಡ್ತಿರೋ ಚಾಪೆಲ್! ಹಿಂದೆ ಹತ್ತಿಯ ಹೊಗೆ, ಕೆಳಗೆ ಕೆಂಪು ಎಲ್‌ಇಡಿ!"

"ಆಗೂದಿಲ್ಲ" ಎಂದ ಫರ್ನಾಂಡಿಸ್. ನೇವಿಯಲ್ಲಿದ್ದವನು. ಮಾತು ಕಡಿಮೆ, ಆಡಿದರೆ ಯಾರದ್ದಾದರೂ ದಿನ ಕೆಡುತ್ತದೆ. "ಕರಾಚಿಗೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್. ಚಾಪೆಲ್ ನೌಕಾಪಡೆಗೆ ಬಂದದ್ದೇ 1976ರಲ್ಲಿ."

ಬೆಂಚಿನ ಮೇಲೆ ಮೌನ.

"ಸುಳ್ಳು" ಎಂದ ದಿನಕರ.

"ಅದರ ಕ್ಷಿಪಣಿ ಕೊಳವೆ ನೋಡು. ಗುಂಡಗಿದೆ. 71ರ ದೋಣಿಗಳದ್ದು ಪೆಟ್ಟಿಗೆ ಥರ ಚೌಕ. ಇದು ಆಮೇಲಿನ ಮಾದರಿ."

"ನನ್ನ ಮೊಮ್ಮಗನಿಗೆ ಹತ್ತು ಸಲ ಹೇಳಿದ್ದೇನೆ, ಕರಾಚಿ ಸುಟ್ಟಿದ್ದು ಇದೇ ಅಂತ" ಎಂದರು ಮಾಸ್ತರು. "ಹೋದ ಭಾನುವಾರ ಗದಗದಿಂದ ಬಂದ ಬಸ್ಸಿನವರಿಗೂ ಹೇಳಿದೆ. ಅವರು ಚಪ್ಪಲಿ ಬಿಟ್ಟು ಕೈ ಮುಗಿದರು. ಏನೋ ಫರ್ನಾಂಡಿಸ್, ನೀನು ಐದು ವರ್ಷ ಹಿಂದೆ ಮುಂದೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹಿಸ್ಟಾರಿಕಲ್ ಆಕ್ಯುರಸಿ" ಎಂದ ಫರ್ನಾಂಡಿಸ್.

ದಿನಕರ ಆದರೂ ಬಿಡಲಿಲ್ಲ. ಚಾಪೆಲ್ ಉದ್ದ 38 ಮೀಟರ್ ಚಿಲ್ಲರೆ. 35ರಲ್ಲಿ ಮಾಡಿದರೆ ಒಂದು ಮೀಟರ್ ದಾಟುತ್ತದೆ, ಟಿವಿ ತೆಗೆಯಬೇಕು, ಟಿವಿ ತೆಗೆದರೆ ಹೆಂಡತಿ ದಿನಕರನನ್ನೇ ತೆಗೆಯುತ್ತಾಳೆ. ಹಡಗಿನವರು 350ರ ಸ್ಕೇಲಿನಲ್ಲೂ ಮಾಡುತ್ತಾರೆ. ಹಾಗೆ ಮಾಡಿದರೆ 11 ಸೆಂಟಿಮೀಟರ್.

"ತಾರ್ಲೆ ಮೀನಿಗಿಂತ ಸಣ್ಣದು" ಎಂದರು ಮಾಸ್ತರು. "ಬೆಕ್ಕಿನ ಜಾಗ್ರತೆ."

ಗ್ಲಾಸು ಎತ್ತಲು ಬಂದ ಸುಮಿತ್ರಾ ಅಲ್ಲೇ ನಿಂತಿದ್ದಳು. ಅಂಗಡಿ ಅವಳದ್ದೇ. ಇಷ್ಟು ಹೊತ್ತೂ ಕೇಳಿಸಿಕೊಂಡಿದ್ದಳು ಕಾಣುತ್ತದೆ.

"ದಿನಕರಣ್ಣ, ಮನೆ ಮಾಡೂಕೆ ಬರ್ತದ ಅದರಲ್ಲಿ?"

"ಬರ್ತದೆ. ಯಾವ ಮನೆ?"

"ನಮ್ದು. ಅರ್ಗಾ ಕಡೆಯದ್ದು. ನೇವಿಯವರ ಸೀಬರ್ಡ್ ನೆಲೆಗೆ ಹೋಯ್ತಲ್ಲ, ಅದು."

ದಿನಕರ ಅಭ್ಯಾಸಬಲದಿಂದ ಪೆನ್ನು ತೆಗೆದ. "ರೆಫರೆನ್ಸ್ ಬೇಕು. ಫೋಟೋ ಏನಾದ್ರೂ ಇದೆಯಾ?"

"ಅಣ್ಣನ ಮದುವೆಯದ್ದೊಂದು ಇದೆ. ಎಲ್ಲರ ಹಿಂದೆ ಮನೆಯ ಕಂಬ ಕಾಣ್ತದೆ. ಅರ್ಧ. ಇನ್ನರ್ಧಕ್ಕೆ ನಮ್ಮ ಚಿಕ್ಕಪ್ಪ ನಿಂತಿದ್ದಾನೆ."

"ಜರ್ಮನಿಯ ಟ್ಯಾಂಕಿನ ಚೈನಿಗೆ ನಾಲ್ಕು ಕಡೆಯಿಂದ ಫೋಟೋ ಇದೆ ಅಂತಿದ್ದೆಯಲ್ಲೋ" ಎಂದು ಮಾಸ್ತರು ಶುರು ಮಾಡಿದರು. ಮುಗಿಸಲಿಲ್ಲ.

"ಮೆಟ್ಟಿಲು ಎಷ್ಟಿತ್ತು?"

"ಐದು. ಅಲ್ಲ, ಆರು." ಸುಮಿತ್ರಾ ಗ್ಲಾಸುಗಳನ್ನು ಬೆಂಚಿನ ಮೇಲಿಟ್ಟಳು. ಸೊಂಟದ ಮೇಲೆ ಏನೋ ಹೊತ್ತವಳ ಹಾಗೆ ಎಡಗೈ ಬಳಸಿ, ನಿಂತಲ್ಲೇ ಕಾಲು ಎತ್ತಿ ಎತ್ತಿ ಇಟ್ಟಳು. "ಬಾವಿಯಿಂದ ಕೊಡ ತರುವಾಗ ಮೂರನೇದರ ಮೇಲೆ ಸ್ವಲ್ಪ ನಿಲ್ತಿದ್ದೆ. ಆಮೇಲೆ ಒಂದು, ಎರಡು. ಐದೇ. ಐದೇ ಬರ್ಕೊಳ್ಳಿ."

ದಿನಕರ ಬಿಲ್ಲಿನ ಹಿಂದೆ ಐದು ಎಂದು ಬರೆದ.

"ತುಳಸಿಕಟ್ಟೆ ಎತ್ತರ?"

"ಇಲ್ಲಿಗೆ ಬರ್ತಿತ್ತು" ಎಂದು ಗಲ್ಲ ಮುಟ್ಟಿಕೊಂಡಳು.

"ಅಷ್ಟೆತ್ತರ ಕಟ್ಟೆ ಎಲ್ಲಿ ಇರ್ತದೆ? ಆಗ ನಿನಗೆಷ್ಟು ವಯಸ್ಸು?"

"ಏಳೋ, ಎಂಟೋ."

"ಹಾಗಾದ್ರೆ ಮೂರು ಅಡಿ ಅಂತಿಟ್ಕೊಳ್ಳುವ." ದಿನಕರ ಮೊಬೈಲಿನಲ್ಲಿ ಒತ್ತಿದ. "ಎರಡು ಸೆಂಟಿಮೀಟರ್ ಆರು ಮಿಲಿಮೀಟರ್." ಹೆಬ್ಬೆರಳು ತೋರುಬೆರಳ ನಡುವೆ ಅಂತರ ಮಾಡಿ ತೋರಿಸಿದ.

ಸುಮಿತ್ರಾ ಆ ಅಂತರವನ್ನು ಬಗ್ಗಿ ನೋಡಿದಳು. "ಇಷ್ಟು ಸಣ್ಣ ಇರ್ಲಿಲ್ಲ ದಿನಕರಣ್ಣ."

"ಸ್ಕೇಲು ಸುಮಿತ್ರಾ..."

"ಹೌದು, ಆದ್ರೂ."

ಯಾರೂ ಭಾಗಿಸಲಿಲ್ಲ, ಗುಣಿಸಲೂ ಇಲ್ಲ. ಹೆಗಡೇರು ತುಂಬ ಹೊತ್ತಿನ ಮೇಲೆ, ಅಂಗಳಕ್ಕೆ ಸಗಣಿ ಸಾರಿಸ್ತಿದ್ರಾ ಎಂದು ಕೇಳಿದರು. ಅಡಕೆಯವರ ಚಿಂತೆ ಅಂಗಳದ್ದೇ. ಮುಂದಿನ ಭಾಗಕ್ಕೆ ಸಗಣಿ, ಹಿಂದೆ ಬರೀ ಮರಳು, ಕಡಲವರೆಗೂ ಮರಳೇ ಎಂದಳು ಸುಮಿತ್ರಾ. ದಿನಕರ ತಟ್ಟನೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಮುಂದೆ ಹಿಡಿದ. "ಮರಳು ಇದೆಯಲ್ಲ. ಚಿಪ್ಪು ಇದ್ರೂ ಅಡ್ಡಿಲ್ಲ ಇದಕ್ಕೆ."

ಅವಳು ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹಾಕಿಕೊಂಡು ಬೆರಳಿನಿಂದ ಉಜ್ಜಿದಳು.

"ಎಲ್ಲಿಯದ್ದು ಇದು?"

"ಇಲ್ಲೇ, ದಂಡೆಯದ್ದು."

"ಅದೇ" ಎಂದು ಬಾಟಲಿಯೊಳಗೆ ಕೈ ಕೊಡವಿದಳು. "ನಮ್ಮ ಕಡೆ ಮರಳು ಇಷ್ಟು ದಪ್ಪ ಇರ್ಲಿಲ್ಲ."