ಮುರಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್: ಮೇಲಿನ ಕೋಣೆಗೆ ವೈಫೈ ಸಿಗುತ್ತಿಲ್ಲ

ಮುರಕಲ್ಲು_ಮನೆ:
ಪುತ್ತೂರು ಕಡೆಯ ಮನೆ. ಗೋಡೆಗಳೆಲ್ಲ ಮುರಕಲ್ಲು, ಪ್ಲಾಸ್ಟರ್ ಸೇರಿ 9–10 ಇಂಚು ದಪ್ಪ. ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಒಂದೇ ಕೋಣೆ; ಆಫೀಸ್ ಕೆಲಸ ಅಲ್ಲೇ. ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್. ಕಂಪನಿಯವರು ಕೊಟ್ಟ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್) ಒಎನ್‌ಟಿ, ಅಂದರೆ ಫೈಬರ್ ಬಂದು ಸೇರುವ ವೈಫೈ ಪೆಟ್ಟಿಗೆ, ಚಾವಡಿಯಲ್ಲಿ ಟಿವಿ ಹಿಂದೆ ಇದೆ. ಲ್ಯಾನ್ ಕೇಬಲ್ ಹಾಕಿ ನೋಡಿದರೆ 94 ಬರುತ್ತದೆ, ಚಾವಡಿಯಲ್ಲಿ ವೈಫೈಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೇಲೆ ಹೋದರೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ, 2.4ರಲ್ಲಿ 4–6 ಎಂಬಿಪಿಎಸ್, ಮೀಟಿಂಗ್ ನಡುವೆ ಧ್ವನಿ ಕಡಿಯುತ್ತದೆ. ಕೋಣೆಯ ಪ್ಲಗ್‌ಗೆ ಎಕ್ಸ್‌ಟೆಂಡರ್ ಸಿಕ್ಕಿಸಿದರೆ ಸಾಕೇ, ಆರು ಆಂಟೆನಾದ ದೊಡ್ಡ ರೂಟರ್ ತರಬೇಕೇ? ಹಳೆಯ ಡ್ಯುಯಲ್ ಬ್ಯಾಂಡ್ ರೂಟರ್ ಒಂದು ಸುಮ್ಮನೆ ಬಿದ್ದಿದೆ.

ಡಿಬಿಎಂ_ಲೆಕ್ಕ:
ಎರಡೂ ಬೇಡ. ಕೇಬಲ್‌ನಲ್ಲಿ 94 ಬರುತ್ತಿದೆ ಎಂದಮೇಲೆ ಲೈನ್ ಸರಿಯಿದೆ, ಕಂಪ್ಲೇಂಟ್ ಕೊಟ್ಟು ಪ್ರಯೋಜನವಿಲ್ಲ.

ಮೊದಲು ಅಳೆಯಿರಿ. ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ, ಗೆರೆಗಳನ್ನು ಬಿಟ್ಟು ಡಿಬಿಎಂ ಅಂಕಿ ನೋಡಿ. ಇದು ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. -50ರ ಆಸುಪಾಸು ಇದ್ದರೆ ಉತ್ತಮ, ವಿಡಿಯೊ ಮೀಟಿಂಗಿಗೆ -67 ಬೇಕು, -80 ಅಂದರೆ ಹೆಸರಿಗಷ್ಟೇ ಸಂಪರ್ಕ. ಪ್ರತಿ 10 ಡಿಬಿ ಇಳಿದಾಗ ಶಕ್ತಿ ಹತ್ತನೇ ಒಂದಾಗುತ್ತದೆ. ಹಾಗಾಗಿ ಕೆಳಗೆ -48, ಮೇಲೆ -78 ಇದ್ದರೆ ನಿಮಗೆ ಸಿಗುತ್ತಿರುವುದು ಸಾವಿರದಲ್ಲಿ ಒಂದು ಪಾಲು.

ದೊಡ್ಡ ರೂಟರ್ ಯಾಕೆ ಬೇಡ ಅಂದರೆ, ಮಾತು ಎರಡೂ ಕಡೆಯಿಂದ ಆಗಬೇಕು. ರೂಟರ್ ಎಷ್ಟೇ ಜೋರಾಗಿ ಕೂಗಲಿ, ನಿಮ್ಮ ಫೋನಿನ ಪುಟ್ಟ ಆಂಟೆನಾದ ಉತ್ತರವೂ ಅದೇ ಸ್ಲ್ಯಾಬ್ ದಾಟಿ ಕೆಳಗೆ ಮುಟ್ಟಬೇಕಲ್ಲ. ಗೆರೆ ತುಂಬಾ ಕಾಣುತ್ತದೆ, ಆದರೆ ನಿಮ್ಮ ಧ್ವನಿ ಆಚೆಯವರಿಗೆ ಕೇಳುವುದಿಲ್ಲ ಅನ್ನುವ ದೂರಿನ ಮೂಲ ಬಹುತೇಕ ಇದೇ.

ಎಕ್ಸ್‌ಟೆಂಡರ್‌ನದು ಬೇರೆ ಕಥೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಇಟ್ಟರೆ ಅದು ಸತ್ತ ಸಿಗ್ನಲ್ಲನ್ನೇ ಹಂಚುತ್ತದೆ. ಅದಕ್ಕೇ -60ರಿಂದ -65 ಸಿಗುವ ನಡುದಾರಿಯಲ್ಲಿ, ನಿಮ್ಮಲ್ಲಿ ಬಹುಶಃ ಮೆಟ್ಟಿಲ ತಿರುವಿನಲ್ಲಿ, ಇಡಬೇಕು. ಆಗಲೂ ಅಗ್ಗದವು ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ಖರ್ಚಿಲ್ಲದ ಕೆಲಸ ಇವತ್ತೇ ಮಾಡಿ. ಒಎನ್‌ಟಿಯನ್ನು ಟಿವಿ ಹಿಂದಿನಿಂದ ತೆಗೆದು ಎದೆಯೆತ್ತರಕ್ಕಿಂತ ಮೇಲೆ, ಮೆಟ್ಟಿಲ ಬಾಗಿಲು ಕಾಣುವ ಕಡೆ ಇಡಿ. ಕಬ್ಬಿಣದ ಬೀರು, ಕನ್ನಡಿ, ಫ್ರಿಜ್ ಹತ್ತಿರ ಬೇಡ. ಫೈಬರ್ ತಂತಿ ಮಡಚಿದರೆ ಬೆಳಕು ಸೋರುತ್ತದೆ, ಅಗಲವಾಗಿ ಸುತ್ತಿ. ಆಂಟೆನಾದ ತುದಿಯ ದಿಕ್ಕಿಗೆ ಸಿಗ್ನಲ್ ಕಡಿಮೆ, ಬದಿಗಳಿಗೆ ಹೆಚ್ಚು. ಹಾಗಾಗಿ ಮೇಲ್ಮಹಡಿಗೆ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ.

ತಂತಿಪುರಾಣ:
ಹಳೆ ರೂಟರ್ ಇದೆಯಲ್ಲ ಮಾರಾಯ್ರೆ, ಅದನ್ನೇ ಮೇಲಿಟ್ಟು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದರೆ ಮುಗಿಯಿತು. ಸ್ಲ್ಯಾಬ್‌ನ ಆಚೆ ಬದಿಗೆ ತಂತಿಯಲ್ಲೇ ಹೋಗಬೇಕು, ಗಾಳಿಯಲ್ಲಿ ಅಲ್ಲ.

ಅಂಗಡಿಯಲ್ಲಿ ಶುದ್ಧ ತಾಮ್ರದ್ದನ್ನೇ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದ ಕಡೆ ಬೇಗ ತುಂಡಾಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಹೊರಗೋಡೆಗೆ ಬಿಸಿಲು ತಡೆಯುವ ಕಪ್ಪು ಹೊರಕವಚದ್ದೇ ಆಗಬೇಕು.

ಸ್ಲ್ಯಾಬ್‌ಗೆ ತೂತು ಹೊಡೆಯಬೇಡಿ, ಕಬ್ಬಿಣವೂ ಸಿಗುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಕಿಟಕಿ ಪಕ್ಕದ ಗೋಡೆಯಿಂದ ಹೊರಗೆ ಹೋಗಿ, ಮೇಲೆ ಮತ್ತೆ ಒಳಗೆ ಬನ್ನಿ. ತೂತು ಹೊರಬದಿಗೆ ತುಸು ಇಳಿಜಾರಾಗಿರಲಿ. ಒಳಬರುವ ಮುಂಚೆ ತಂತಿಯನ್ನು ಸ್ವಲ್ಪ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತಂತಿಯ ತುದಿಗೆ ಪ್ಲಗ್ ಹಾಕದೆ ತೂರಿಸಿದರೆ 8 ಎಂಎಂ ಬಿಟ್ ಸಾಕು. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ಸೇರಿಸಬೇಡಿ.

ಕ್ರಿಂಪ್ ಮಾಡುವಾಗ (ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ) ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೋಡಲು ಚೆಂದವೆಂದು ಹಸಿರಿನ ಜೋಡಿಯನ್ನು ಅಕ್ಕಪಕ್ಕ ಕೂರಿಸುವವರಿದ್ದಾರೆ. ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಉರಿಯುತ್ತವೆ, ಆದರೆ ಹೆಣೆದ ಜೋಡಿ ಒಡೆದುಹೋಗಿ ಡೇಟಾ ಕೆಡುತ್ತದೆ. ಈ ತಪ್ಪು ಹುಡುಕುವುದು ಬಲು ಕಷ್ಟ.

ಇನ್ನು ಸೆಟ್ಟಿಂಗ್. ಹಳೆ ರೂಟರ್ ರೀಸೆಟ್ ಮಾಡಿ, ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ. ಒಎನ್‌ಟಿ 192.168.1.1 ಆಗಿದ್ದರೆ ಇದರ ಲ್ಯಾನ್ ಐಪಿ 192.168.1.2 ಮಾಡಿ, ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ ಸೇವ್ ಕೊಡಿ. ಆಮೇಲೆ ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಎರಡರಲ್ಲೂ ಆನ್ ಇದ್ದರೆ ಕೆಲವು ಸಾಧನಗಳು ಮೇಲಿನದನ್ನೇ ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ಬಾಗಿಲು) ಎಂದುಕೊಳ್ಳುತ್ತವೆ: ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ.

ಚಾನೆಲ್_ಹನ್ನೊಂದು:
ತಂತಿಪುರಾಣದವರು ಹೇಳಿದ್ದಕ್ಕೆ ಸೇರಿಸುವುದಿಷ್ಟು. ಎರಡಕ್ಕೂ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ. 2.4ರಲ್ಲಿ ಒಂದಕ್ಕೊಂದು ತಾಗದವು 1, 6, 11. ಕೆಳಗೆ 1, ಮೇಲೆ 11 ಕೊಡಿ, ಅಗಲ 20 ಮೆಗಾಹರ್ಟ್ಸ್. 40 ಇಟ್ಟರೆ ಪಕ್ಕದ ಮನೆಯವರ ಗಲಾಟೆಯೂ ಒಳಗೆ ಬರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149. 52ರಿಂದ 64ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರೇಡಾರ್ ಸುಳಿವು ಸಿಕ್ಕರೆ ರೂಟರ್ ತಾನಾಗಿ ಚಾನೆಲ್ ಬಿಟ್ಟುಕೊಡಬೇಕು, ಮೀಟಿಂಗ್ ಅಲ್ಲಿಗೆ ಢಮಾರ್.

ಮೇಲೆ ಹೋದರೂ ಫೋನ್ ಕೆಳಗಿನದಕ್ಕೇ ಅಂಟಿಕೊಂಡರೆ ಅದು ರೂಟರ್ ದೋಷವಲ್ಲ. ಯಾವಾಗ ಬದಲಾಯಿಸಬೇಕೆಂದು ನಿರ್ಧರಿಸುವುದು ಫೋನೇ. ಐಫೋನ್ ಸುಮಾರು -70ಕ್ಕೆ ಇಳಿಯುವ ತನಕ ಬೇರೆಡೆ ಹುಡುಕುವುದಿಲ್ಲ. ಹಾಗಾಗಿ ಮೇಲೆ ಹೋದಾಗ ಕೆಳಗಿನ ಸಿಗ್ನಲ್ ಬೇಗ ಕುಗ್ಗುವಂತೆ ಒಎನ್‌ಟಿಯ 2.4 ಪವರನ್ನು ಮೀಡಿಯಂಗೆ ಇಳಿಸಿ. ಪವರ್ ಕಡಿಮೆ ಮಾಡಿ ಸಿಗ್ನಲ್ ಸರಿಪಡಿಸುವುದು ವಿಚಿತ್ರ ಅನ್ನಿಸಬಹುದು, ಇಲ್ಲಿ ಅದೇ ಮದ್ದು.

ಮುರಕಲ್ಲು_ಮನೆ:
ಅರ್ಥವಾಯಿತು, ಧನ್ಯವಾದ. ಎರಡು ಸಂಶಯ. ತಂತಿ ಎಳೆಯುವುದರ ಬದಲು ಮೆಶ್ (ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದೇ ವೈಫೈ ಹಂಚುವ ರೂಟರ್‌ಗಳು) ಹಾಕಿದರೆ? ಮತ್ತೆ ಹೊರಗಿನಿಂದ ಎಳೆದರೆ ಸಿಡಿಲಿನ ಭಯ ಇಲ್ಲವೇ? ಮುಂದೆ ಅಂಗಳದಾಚೆಯ ಅಡಿಕೆ ಶೆಡ್‌ಗೂ ಬೇಕು, ಸುಮಾರು 60 ಮೀಟರ್.

ಡಿಬಿಎಂ_ಲೆಕ್ಕ:
ಮೆಶ್ ಅಂದರೂ ತಂತಿ ಇಲ್ಲದಿದ್ದರೆ ಅದೇ ಸ್ಲ್ಯಾಬನ್ನೇ ದಾಟಬೇಕು. ತಮ್ಮ ನಡುವಿನ ಮಾತಿಗೆಂದೇ ಮೂರನೇ ರೇಡಿಯೊ ಇರುವವು ಪರವಾಗಿಲ್ಲ, ಬೆಲೆ ಜಾಸ್ತಿ. ಮುರಕಲ್ಲು ತೂತುತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಕುಡಿದರೆ ಇನ್ನೂ ಹೆಚ್ಚು ತಡೆಯುತ್ತದೆ. ಬೇಸಿಗೆಯಲ್ಲಿ ಸರಿಯಿತ್ತು ಎಂದು ಜುಲೈಯಲ್ಲಿ ನಂಬಬೇಡಿ.

ತಂತಿಪುರಾಣ:
ಒಂದೇ ಕಟ್ಟಡದ ಗೋಡೆಗುಂಟ ಹೋಗುವ ತಂತಿ ನಡೆಯುತ್ತದೆ. ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರ್ ಜೊತೆಗೆ ಲ್ಯಾನ್ ಕೇಬಲ್ಲನ್ನೂ ಎರಡೂ ತುದಿಯಲ್ಲಿ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಶೆಡ್‌ಗೆ ಮಾತ್ರ ತಾಮ್ರ ಬೇಡವೇ ಬೇಡ. 100 ಮೀಟರ್ ಒಳಗಿದೆ, ವೇಗ ಬರುತ್ತದೆ ನಿಜ, ಆದರೆ ಹತ್ತಿರ ಸಿಡಿಲು ಬಿದ್ದರೆ ಎರಡು ಕಟ್ಟಡಗಳ ಅರ್ತಿಂಗ್ ನಡುವಿನ ವೋಲ್ಟೇಜ್ ವ್ಯತ್ಯಾಸ ಆ ತಂತಿಯಲ್ಲೇ ಹರಿದು ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಲ್ಯಾನ್ ಕೇಬಲ್‌ಗೆ ಹೊಂದಿಸುವ ಪೆಟ್ಟಿಗೆ) ಹಾಕಿ. ಫೈಬರ್ ಜೊತೆ ಬರುವ ಉಕ್ಕಿನ ಆಧಾರತಂತಿಯನ್ನು ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ, ಒಳಗೆ ತರಬೇಡಿ. ಒಂದೇ ಎಳೆಯ ಫೈಬರ್ ಆದರೆ ಕನ್ವರ್ಟರ್ ಜೋಡಿಯಾಗಿ ಕೊಳ್ಳಬೇಕು: ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳುವಂಥದ್ದು, ಇನ್ನೊಂದು ಅದರ ಉಲ್ಟಾ. ಎರಡೂ ಒಂದೇ ಬಗೆಯವು ಬಂದರೆ ಫೈಬರ್ ದೀಪ ಹತ್ತುವುದೇ ಇಲ್ಲ. ಡಬ್ಬಿಯ ಮೇಲಿನ ಎ, ಬಿ ಗುರುತನ್ನು ಅಂಗಡಿಯಲ್ಲೇ ನೋಡಿ.