ಅಕಿಲಿಸ್ ನೋವು, ಸಂಜೆಗೆ ಕಾಲು ಊತ: ಸೈಕಲ್ ಪೂರ್ತಿ ನಿಲ್ಲಿಸಬೇಕಾ?

ದೂರದಾರಿ:

ವಯಸ್ಸು 48, ರೋಡ್ ಬೈಕ್. ಎಡಗಾಲಲ್ಲಿ ಹಿಮ್ಮಡಿ ಮೂಳೆಯಿಂದ ಸುಮಾರು 4 ಸೆಂ.ಮೀ. ಮೇಲೆ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು) ನೋವು, 7 ವಾರದಿಂದ ಇದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತಿಪ್ಪತ್ತು ಹೆಜ್ಜೆ ಬಿಗಿದುಕೊಂಡ ಹಾಗೆ, ಆಮೇಲೆ ಸಡಿಲ. ಸೈಕಲ್ ಹತ್ತಿದ ಮೊದಲ 15 ನಿಮಿಷ ನೋವು, ನಡುವೆ ಇರುವುದಿಲ್ಲ, ಇಳಿದ ಎರಡು ಗಂಟೆಗೆ ಮತ್ತೆ ಶುರು. ಮುಟ್ಟಿ ನೋಡಿದರೆ ಟೆಂಡನ್ ಬಲಗಾಲಿನದಕ್ಕಿಂತ ದಪ್ಪ. ಇದರ ಜೊತೆಗೆ ಸಂಜೆ ಹೊತ್ತಿಗೆ ಹರಡಿನ ಸುತ್ತ ಊತ, ಸಾಕ್ಸ್ ಎಲಾಸ್ಟಿಕ್ಕಿನ ಗುರುತು ಆಳವಾಗಿ ಕೂತಿರುತ್ತದೆ.

ನೋವಿಗೆ ಮುಂಚೆ ಆದ ಬದಲಾವಣೆಗಳು: ಹೊಸ ಶೂ, ಹೊಸ ಕ್ಲೀಟ್ (ಶೂ ತಳದಲ್ಲಿ ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು), ಸೀಟು 12 ಮಿ.ಮೀ. ಮೇಲಕ್ಕೆ, ವಾರಕ್ಕೆ 120 ಕಿ.ಮೀ. ಇದ್ದದ್ದು 3 ವಾರದಲ್ಲಿ 210.

ಪೂರ್ತಿ ನಿಲ್ಲಿಸಬೇಕಾ? ಊತಕ್ಕೂ ಟೆಂಡನ್‌ಗೂ ಸಂಬಂಧ ಇದೆಯಾ? ಬೈಕಿನಲ್ಲಿ ಮೊದಲು ಯಾವುದನ್ನು ಮುಟ್ಟಬೇಕು? ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿದರೆ ಮರುದಿನ ನೋವು ಹೆಚ್ಚುತ್ತದೆ, ಮುಂದುವರಿಸಬಹುದಾ?

ನಾಡಿ:

ಮೊದಲು ಊತದ ವಿಷಯ ಇತ್ಯರ್ಥವಾಗಲಿ ಸರ್. ಟೆಂಡನ್ ಎರಡು ದಿನ ಕಾಯುತ್ತದೆ, ಊತ ಕಾಯದೇ ಇರಬಹುದು.

ಅಕಿಲಿಸ್ ಕೆಟ್ಟಾಗ ಬರುವ ಊತ ಟೆಂಡನ್‌ಗೆ ಅಂಟಿಕೊಂಡೇ ಇರುತ್ತದೆ, ಹಗ್ಗದಲ್ಲಿ ಗಂಟು ಬಿದ್ದ ಹಾಗೆ. ಹರಡಿನ ಎರಡೂ ಪಕ್ಕ ತುಂಬಿಕೊಂಡು ಮುಂಗಾಲಿನ ಮೂಳೆವರೆಗೆ ಏರುವ ಸಂಜೆಯ ಊತ ಬೇರೆ ಬಾಬತ್ತು. ಎರಡನ್ನೂ ಒಂದೇ ಎಂದುಕೊಂಡು ಐಸ್ ಇಟ್ಟುಕೊಂಡು ಕೂರುವುದೇ ಎಲ್ಲರೂ ಮಾಡುವ ತಪ್ಪು.

ಬಟ್ಟೆ ಹೊಲಿಯುವವರ ಟೇಪು ತಗೊಳ್ಳಿ. ಮಂಡಿಚಿಪ್ಪಿನ ಕೆಳಗೆ ಮುಂಗಾಲಿನ ಮೂಳೆಯ ಮೇಲೆ ಒಂದು ಉಬ್ಬು ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಪೆನ್ನಿನಿಂದ ಗುರುತು ಹಾಕಿ, ಆ ಮಟ್ಟದಲ್ಲಿ ಮೀನಖಂಡದ ಸುತ್ತಳತೆ ಬರೆದಿಡಿ. ನೋವಿರುವ ಕಾಲು ಇನ್ನೊಂದಕ್ಕಿಂತ 3 ಸೆಂ.ಮೀ. ಅಥವಾ ಹೆಚ್ಚು ದಪ್ಪ ಇದ್ದರೆ, ಮೀನಖಂಡ ಬಿಸಿಯಾಗಿದ್ದರೆ, ಒಳಗೆ ಆಳದಲ್ಲಿ ಒತ್ತಿದರೆ ನೋಯುತ್ತಿದ್ದರೆ, ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು ಎಂದೇ ಇಟ್ಟುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಅಳತೆ ಅದಕ್ಕಿಂತ ಕಡಿಮೆ ಇದ್ದು ಉಳಿದ ಲಕ್ಷಣ ಇದ್ದರೂ ಹೋಗಲೇಬೇಕು. ಡಿ-ಡೈಮರ್ ರಕ್ತಪರೀಕ್ಷೆ, ಡಾಪ್ಲರ್ ಸ್ಕ್ಯಾನ್, ಇವೆರಡರಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಮೀನಖಂಡವನ್ನು ಯಾರೂ ತಿಕ್ಕಬಾರದು, ಫೋಮ್ ರೋಲರ್ ಕೂಡ ಬೇಡ. ಜೊತೆಗೆ ಏದುಸಿರು, ಎದೆನೋವು ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ತುರ್ತು ವಿಭಾಗವೇ ಸರಿ. ಇತ್ತೀಚಿನ ಆಪರೇಷನ್, ಕಾಲಿಗೆ ಪ್ಲಾಸ್ಟರ್, ಗಂಟೆಗಟ್ಟಲೆ ಕೂತ ಪ್ರಯಾಣ, ಹಾರ್ಮೋನ್ ಮಾತ್ರೆ ಇದ್ದವರಲ್ಲಿ ಈ ಅನುಮಾನ ಇನ್ನೂ ಗಟ್ಟಿ. ಸೈಕಲ್ ತುಳಿಯುವ ಕಾಲಿಗೆ ಹೆಪ್ಪುಗಟ್ಟುವುದಿಲ್ಲ ಎಂಬ ನಂಬಿಕೆ ತಪ್ಪು. ಮಂಡಿ ಹಿಂದಿನ ನೀರುಗಂಟು ಒಡೆದರೂ ಮೀನಖಂಡ ಥೇಟ್ ಹೀಗೇ ಊದುತ್ತದೆ, ಎರಡನ್ನೂ ಬೇರೆ ಮಾಡಿ ಹೇಳುವುದು ಸ್ಕ್ಯಾನ್.

ಎರಡನೆಯದಾಗಿ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು 10 ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ಅದು ನೀರು. ಎರಡೂ ಕಾಲಲ್ಲಿ ಗುಳಿ ಬಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತು, ತೆಗೆದುಕೊಳ್ಳುವ ಮಾತ್ರೆ, ಇವುಗಳ ಕಡೆ ನೋಡಬೇಕು. ಒಂದೇ ಕಾಲಲ್ಲಾದರೆ ರಕ್ತನಾಳದ ಕಡೆ.

ಮೂರನೆಯದು ಟೆಂಡನ್‌ಗೆ. ದಪ್ಪ ಇರುವ ಜಾಗವನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ಪಾದವನ್ನು ಮೇಲೆ ಕೆಳಗೆ ಆಡಿಸಿ. ಗಂಟು ಬೆರಳಿನ ನಡುವೆ ಮೇಲಕ್ಕೂ ಕೆಳಕ್ಕೂ ಸರಿದರೆ ತೊಂದರೆ ಟೆಂಡನ್ ಒಳಗೆ. ಅಲ್ಲೇ ನಿಂತರೆ ಅದರ ಸುತ್ತಲಿನ ಪೊರೆಯಲ್ಲಿ. ಒಣ ತೊಗಲು ಕಿರುಗುಟ್ಟಿದ ಹಾಗೆ ಬೆರಳಿಗೆ ಗೊತ್ತಾದರೂ ಪೊರೆಯೇ. ಪೊರೆ ಕೆರಳಿದ್ದರೆ ಕೆಲವು ದಿನ ನಿಜಕ್ಕೂ ವಿಶ್ರಾಂತಿ, ಐಸ್ ಬೇಕು. ಟೆಂಡನ್ ಒಳಗಿನದಾದರೆ ವಿಶ್ರಾಂತಿಯೊಂದರಿಂದ ಗುಣವಾಗದು.

ಎಂದಾದರೂ ‘ಟಪ್’ ಎಂದು ಯಾರೋ ಹಿಂದಿನಿಂದ ಒದ್ದಂತಾಗಿದ್ದರೆ ಬೋರಲು ಮಲಗಿ, ಪಾದ ಮಂಚದಾಚೆ ಇಳಿಬಿಟ್ಟು, ಇನ್ನೊಬ್ಬರಿಂದ ಮೀನಖಂಡ ಹಿಂಡಿಸಿ. ಪಾದ ತಾನಾಗಿ ಕೆಳಕ್ಕೆ ಚಾಚಬೇಕು. ಅಲುಗದಿದ್ದರೆ ಟೆಂಡನ್ ಹರಿದಿದೆ, ತಡಮಾಡಬೇಡಿ.

ಸ್ಪೋಕ್ ಕೀ:

ಊತದ ಬಗ್ಗೆ ನಾಡಿ ಅವರು ಹೇಳಿದ್ದಾಗಿದೆ. ನಾನು ಬೈಕಿನ ಕಡೆ ಬರುತ್ತೇನೆ.

ಶೂ, ಕ್ಲೀಟ್, ಸೀಟು, ಕಿಲೋಮೀಟರ್, ನಾಲ್ಕನ್ನೂ ಒಟ್ಟಿಗೆ ಬದಲಿಸಿದ್ದೀರಿ. ಈಗ ಒಂದೊಂದಾಗಿ ಹಿಂದಕ್ಕೆ ಬನ್ನಿ, ಒಂದೊಂದಕ್ಕೂ 3–4 ಸವಾರಿ ಕೊಡಿ. ಎಲ್ಲ ಒಟ್ಟಿಗೆ ತಿರುಗಿಸಿದರೆ ನೋವು ಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ.

ಮೊದಲು ಸೀಟು. ಹಳೆಯ ಎತ್ತರದಲ್ಲಿ ವರ್ಷಗಟ್ಟಲೆ ತೊಂದರೆ ಇರಲಿಲ್ಲವೆಂದರೆ ನೇರ ಅಲ್ಲಿಗೇ ಇಳಿಸಿ. ಆದರೆ ಒಂದು ಲೆಕ್ಕ ಇದೆ: ಹೊಸ ಶೂನ ಅಟ್ಟೆ ಮತ್ತು ಕ್ಲೀಟ್ ಸೇರಿ ಹಳೆಯದಕ್ಕಿಂತ 3 ಮಿ.ಮೀ. ದಪ್ಪ ಇದ್ದರೆ ಕಾಲಿಗೆ ಸೀಟು 3 ಮಿ.ಮೀ. ತಗ್ಗಿದಂತೆ. ತೆಳುವಾಗಿದ್ದರೆ ಅಷ್ಟು ಎತ್ತರವಾದಂತೆ. ಶೂ ಒಳಗಿನ ತಳದಿಂದ ಪೆಡಲ್ ಆಕ್ಸಲ್‌ವರೆಗಿನ ದಪ್ಪ ಅಳೆದು ಆ ವ್ಯತ್ಯಾಸ ಸೇರಿಸಿ. ಸೀಟು ವಿಪರೀತ ಎತ್ತರವಾದರೆ ಪೆಡಲ್ ಕೆಳಗೆ ಹೋದಾಗ ಕಾಲು ಎಟುಕಲೆಂದು ತುದಿಗಾಲಾಗುತ್ತದೆ, ಮೀನಖಂಡ ಪ್ರತಿ ಸುತ್ತಿನಲ್ಲೂ ಕುಗ್ಗಿದ ಸ್ಥಿತಿಯಲ್ಲೇ ದುಡಿಯುತ್ತದೆ. ನಿಮಿಷಕ್ಕೆ 90 ಸುತ್ತು ಎಂದರೆ ಗಂಟೆಗೆ 5,400 ಸಲ. ಹಾಗೆಂದು ಅತಿಯಾಗಿ ಇಳಿಸಿದರೂ ಕಷ್ಟ: ಬಲ ಹಾಕುವ ಹೊತ್ತಿಗೆ ಹಿಮ್ಮಡಿ ಕುಸಿದು ಟೆಂಡನ್ ಎಳೆದುಕೊಂಡೇ ಭಾರ ಹೊರುತ್ತದೆ. ಸೀಟು ಎತ್ತರ, ಸೀಟು ತಗ್ಗು, ಎರಡೂ ಅಕಿಲಿಸ್‌ಗೆ ಏಟು ಕೊಡುವುದು ಹೀಗೆ.

ನೋಡುವುದು ಹೇಗೆ ಅಂದರೆ, ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಬೈಕ್ ನಿಲ್ಲಿಸಿ, ಫೋನನ್ನು ಪಕ್ಕದಿಂದ ಮಂಡಿಯ ಮಟ್ಟಕ್ಕಿಟ್ಟು ವೀಡಿಯೊ ಮಾಡಿ. ಪೆಡಲ್ ತೀರಾ ಕೆಳಗಿದ್ದಾಗ ಮಂಡಿಯ ಬಾಗು 25ರಿಂದ 35 ಡಿಗ್ರಿ ಇರಲಿ. ಹಿಂದಿನಿಂದಲೂ ಒಂದು ವೀಡಿಯೊ ತೆಗೆಯಿರಿ, ಸೊಂಟ ಎಡಬಲಕ್ಕೆ ಓಲಾಡುತ್ತಿದ್ದರೆ ಸೀಟು ಇನ್ನೂ ಎತ್ತರವೇ. ಹಳೆಯ ಅಳತೆ ಬರೆದಿಟ್ಟಿಲ್ಲದಿದ್ದರೆ ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಹೆಸರಿನ ಸೂತ್ರದಿಂದ ಶುರುಮಾಡಿ: ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು 0.883ರಿಂದ ಗುಣಿಸಿ. ಕ್ರ್ಯಾಂಕ್ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಅದೇ ಅಳತೆ. 80 ಸೆಂ.ಮೀ. ಇದ್ದವರಿಗೆ 70.6. ಅಲ್ಲಿಂದಾಚೆ ಒಮ್ಮೆಗೆ 3 ಮಿ.ಮೀ. ಮೀರದಂತೆ ಸರಿಪಡಿಸಿಕೊಳ್ಳಿ.

ಆಮೇಲೆ ಕ್ಲೀಟ್. ನನ್ನ ಲೆಕ್ಕದಲ್ಲಿ ಅಕಿಲಿಸ್‌ಗೆ ಇದೇ ದೊಡ್ಡ ಬದಲಾವಣೆ. ಕ್ಲೀಟ್ ಬೆರಳಿನ ಕಡೆ ಮುಂದಕ್ಕೆ ಇದ್ದಷ್ಟೂ ಹರಡಿನಿಂದ ಪೆಡಲ್‌ಗೆ ಸನ್ನೆಕೋಲು ಉದ್ದವಾಗುತ್ತದೆ, ಅದನ್ನು ತಡೆದು ಹಿಡಿಯುವ ಕೆಲಸ ಮೀನಖಂಡದ್ದು. ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಮೂಳೆಯ ಉಬ್ಬನ್ನು ಒಳಪಕ್ಕದಿಂದ ಒತ್ತಿ ಹುಡುಕಿ, ಅಲ್ಲಿ ಟೇಪಿನ ಚೂರು ಅಂಟಿಸಿ. ಕಿರುಬೆರಳ ಬುಡದ ಉಬ್ಬಿಗೆ ಹೊರಪಕ್ಕ ಇನ್ನೊಂದು. ಪೆಡಲ್ ಆಕ್ಸಲ್ ಈ ಎರಡು ಗುರುತುಗಳ ನಡುವೆ ಬರುವುದು ಸಾಮಾನ್ಯ ಜಾಗ. ಅಕಿಲಿಸ್ ನೋವಿದ್ದರೆ ಕಿರುಬೆರಳ ಗುರುತಿನವರೆಗೂ ಹಿಂದಕ್ಕೆ ತನ್ನಿ. ಸಡಿಲಿಸುವ ಮುಂಚೆ ಕ್ಲೀಟಿನ ಸುತ್ತ ಮಾರ್ಕರ್ ಗೆರೆ ಎಳೆಯಿರಿ, ಇಲ್ಲದಿದ್ದರೆ ಕೋನ ತಪ್ಪಿ ಮಂಡಿ ನೋವು ಹೊಸದಾಗಿ ಅಂಟಿಕೊಳ್ಳುತ್ತದೆ. ಬೋಲ್ಟಿನ ಎಳೆಗೆ ಸ್ವಲ್ಪ ಗ್ರೀಸ್, 4 ಮಿ.ಮೀ. ಅಲೆನ್ ಕೀ, 5–6 ನ್ಯೂಟನ್ ಮೀಟರ್ ಬಿಗಿ. ಮೂರು ಬೋಲ್ಟನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯಬೇಕು, ಒಂದನ್ನೇ ಪೂರ್ತಿ ಬಿಗಿದರೆ ಕ್ಲೀಟ್ ವಾಲುತ್ತದೆ. ಕ್ಲೀಟ್ 5 ಮಿ.ಮೀ. ಹಿಂದೆ ಹೋದರೆ ಸೀಟನ್ನು 2–3 ಮಿ.ಮೀ. ಇಳಿಸಿ. ಫ್ರೇಮ್ ಚಿಕ್ಕದಿದ್ದರೆ ತಿರುವಿನಲ್ಲಿ ಶೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆಯೇ ಎಂದು ನಿಂತಲ್ಲೇ ಹ್ಯಾಂಡಲ್ ತಿರುಗಿಸಿ ನೋಡಿಕೊಳ್ಳಿ.

ಹಿಮ್ಮಡಿಯನ್ನು ಬೇಕೆಂದೇ ಕೆಳಗೆ ಒತ್ತಿ ತುಳಿಯಿರಿ ಎಂಬ ಸಲಹೆ ಓಡಾಡುತ್ತದೆ. ಬೇಡ. ಪಾದ ತನ್ನ ಪಾಡಿಗೆ ಇರಲಿ.

ದೂರದಾರಿ:

ಅಳತೆ ನೋಡಿದೆ. ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಬಲ 36.5, ಎಡ 37. ಬಿಸಿ ಇಲ್ಲ, ಮೀನಖಂಡ ಒತ್ತಿದರೆ ನೋವಿಲ್ಲ. ಗುಳಿ ಎರಡೂ ಕಾಲಲ್ಲಿ ಬೀಳುತ್ತದೆ, ಸಂಜೆ ಮಾತ್ರ. ಗಂಟು ಪಾದದ ಜೊತೆ ಸರಿಯುತ್ತದೆ. ಹಿಂಡಿದರೆ ಪಾದ ಚಾಚುತ್ತದೆ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ 10 ಮಿ.ಗ್ರಾಂ., 3 ತಿಂಗಳಿಂದ. ಸವಾರಿಗೆ ಮುಂಚೆ ಡೈಕ್ಲೋಫೆನಾಕ್ ಮಾತ್ರೆ ತಗೊಳ್ಳುವುದುಂಟು.

ನಾಡಿ:

ಇದು ಹೇಳಿದ್ದು ಬಹಳ ಒಳ್ಳೆಯದಾಯಿತು. ಆಮ್ಲೊಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅದರ ಮುಂದಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಹೊರಕ್ಕೆ ಜಿನುಗಿ ಹರಡಿನಲ್ಲಿ ನಿಲ್ಲುತ್ತದೆ. ಎರಡೂ ಕಾಲು, ಸಂಜೆ ಜಾಸ್ತಿ, ಡೋಸ್ ಹೆಚ್ಚಿದಷ್ಟೂ ಜಾಸ್ತಿ, ಇದು ಆ ಮಾತ್ರೆಯ ಗುರುತಾದ ಅಡ್ಡಪರಿಣಾಮ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಒತ್ತಡ ಮೇಲೇರುತ್ತದೆ. ವೈದ್ಯರ ಹತ್ತಿರ ‘ಮಾತ್ರೆ ಶುರುವಾದ ಮೇಲೆ ಎರಡೂ ಕಾಲು ಊತ’ ಎಂದು ಇದೇ ಮಾತಲ್ಲಿ ಹೇಳಿ. ಡೋಸ್ ತಗ್ಗಿಸುವುದು, ಬೇರೆ ವರ್ಗದ ಮಾತ್ರೆ ಸೇರಿಸುವುದು ಅಥವಾ ಬದಲಿಸುವುದು ಅವರ ಕೈಲಿದೆ. ಮೂತ್ರ ಹೆಚ್ಚಿಸುವ ಮಾತ್ರೆಗೆ ಈ ಬಗೆಯ ಊತ ಅಷ್ಟಾಗಿ ಬಗ್ಗುವುದಿಲ್ಲ. ಮೂತ್ರಪಿಂಡ ಮತ್ತು ಹೃದಯದ ಸಾಮಾನ್ಯ ಪರೀಕ್ಷೆ ಇದೇ ಭೇಟಿಯಲ್ಲಿ ಆಗಲಿ, ಕಾರಣ ಸಿಕ್ಕಿತೆಂದು ಅದನ್ನು ಬಿಡಬಾರದು.

ಡೈಕ್ಲೋಫೆನಾಕ್ ಇವತ್ತಿಗೇ ಬಿಡಿ ಎನ್ನುತ್ತೇನೆ. ಅದು ದೇಹದಲ್ಲಿ ಉಪ್ಪು–ನೀರು ಹಿಡಿದಿಡುತ್ತದೆ, ರಕ್ತದೊತ್ತಡ ಏರಿಸುತ್ತದೆ, ಮೇಲಾಗಿ ಸವಾರಿಯಲ್ಲಿ ನೋವು ಮುಚ್ಚಿಟ್ಟು ನಿಮ್ಮ ಅಳತೆಗೋಲನ್ನೇ ಕಿತ್ತುಕೊಳ್ಳುತ್ತದೆ.

ದಿನಕ್ಕೆ ಮೂರು ಸಲ 15–20 ನಿಮಿಷ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ಸೈಕಲ್ ಚಡ್ಡಿಯ ತೊಡೆಯ ಎಲಾಸ್ಟಿಕ್ ಚರ್ಮದಲ್ಲಿ ಹಳ್ಳ ಬೀಳಿಸುತ್ತಿದ್ದರೆ ಒಂದು ಸೈಜು ದೊಡ್ಡದು ಹಾಕಿ. ಕಂಪ್ರೆಶನ್ ಸಾಕ್ಸ್ ಬೇಕಿದ್ದರೆ 15–20 ಮಿ.ಮೀ. ಪಾದರಸದ ಒತ್ತಡದ್ದು, ಮಂಡಿ ಕೆಳಗಿನವರೆಗೆ, ಬೆಳಿಗ್ಗೆ ಊತ ಬರುವ ಮೊದಲೇ ಹಾಕಬೇಕು. ಸಕ್ಕರೆ ಕಾಯಿಲೆ ಅಥವಾ ಕಾಲಿನ ಅಪಧಮನಿ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ಹರಡು ಮಾತ್ರ ಹಿಡಿಯುವ ಗಿಡ್ಡ ಬಿಗಿ ಸಾಕ್ಸ್ ಟೆಂಡನ್ ಮೇಲೆಯೇ ಕುಣಿಕೆ ಬಿಗಿದ ಹಾಗೆ, ಅದು ಬೇಡವೇ ಬೇಡ.

ಮಂದಗತಿ:

ಗಂಟು ಸರಿಯುತ್ತದೆ ಎಂದರೆ ಟೆಂಡನ್ ಮಧ್ಯಭಾಗದ ತೊಂದರೆ, ಹಿಮ್ಮಡಿ ಮೂಳೆಯಿಂದ 2–6 ಸೆಂ.ಮೀ. ಮೇಲಿನದು. ಇದಕ್ಕೆ ಮದ್ದು ಭಾರ. ಪೂರ್ತಿ ನಿಲ್ಲಿಸಬೇಡಿ. ಕೂತು ತುಳಿಯುವಾಗ ಅಕಿಲಿಸ್ ಮೇಲೆ ಬೀಳುವ ಬಲ ಓಟಕ್ಕಿಂತ ತುಂಬ ಕಡಿಮೆ. ಹಾಗಾಗಿ ಸೈಕಲ್ ಉಳಿಸಿಕೊಳ್ಳಬಹುದು, ಆದರೆ ಸೈಕಲ್ಲೇ ಟೆಂಡನ್ನನ್ನು ಗಟ್ಟಿ ಮಾಡುವುದೂ ಇಲ್ಲ. ಆ ಕೆಲಸ ಬೇರೆಯಾಗಿ ಮಾಡಬೇಕು.

ಸವಾರಿ: ವಾರಕ್ಕೆ 100–120 ಕಿ.ಮೀ.ಗೆ ಇಳಿಸಿ, ಸಮತಟ್ಟು ರಸ್ತೆ, ಹಗುರ ಗೇರ್, ನಿಮಿಷಕ್ಕೆ 85–95 ಸುತ್ತು, ಏರಿನಲ್ಲೂ ಕೂತೇ. ಎದ್ದು ನಿಂತು ತುಳಿದಾಗ, ಭಾರದ ಗೇರಿನಲ್ಲಿ 60 ಸುತ್ತಿಗೆ ಇಳಿದಾಗ ಟೆಂಡನ್‌ಗೆ ಪೆಟ್ಟು ಹೆಚ್ಚು.

ಮೆಟ್ಟಿಲ ವ್ಯಾಯಾಮ ನೋಯಿಸಿದ್ದು ಬಹುಶಃ ಪ್ರಮಾಣದಿಂದ. ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಮಂಡಿ ನೇರ 3×15 (15 ಸಲದ 3 ಸುತ್ತು), ಮಂಡಿ ಬಾಗಿಸಿ 3×15, ದಿನಕ್ಕೆ ಎರಡು ಹೊತ್ತು, ಅಂದರೆ ದಿನಕ್ಕೆ 180 ಸಲ, 12 ವಾರ. ಅದು ಫಲ ಕೊಡುತ್ತದೆ, ಆದರೆ ಸವಾರಿಯ ಜೊತೆ ಪ್ರತಿದಿನ ಅಷ್ಟು ಮಾಡಿದರೆ ಟೆಂಡನ್‌ಗೆ ಬಿಡುವೇ ಸಿಗುವುದಿಲ್ಲ. ವಾರಕ್ಕೆ ಮೂರೇ ದಿನದ ನಿಧಾನ–ಭಾರದ ಕ್ರಮವೂ ಅಷ್ಟೇ ಚೆನ್ನಾಗಿ ನಡೆಯುತ್ತದೆ, ಸೈಕಲ್ ತುಳಿಯುವವರಿಗೆ ನಾನು ಅದನ್ನೇ ಹೇಳುವುದು.

ಮೊದಲ ವಾರ ಕೆರಳಿಕೆ ಇಳಿಯಲು: ಎರಡೂ ಕಾಲಲ್ಲಿ ಹಿಮ್ಮಡಿ ಅರ್ಧ ಎತ್ತಿ 45 ಸೆಕೆಂಡ್ ಅಲುಗದೆ ನಿಲ್ಲಿ, ಎರಡು ನಿಮಿಷ ಬಿಡುವು, ಹೀಗೆ 5 ಸಲ, ದಿನವೂ. ಆಮೇಲೆ ದಿನ ಬಿಟ್ಟು ದಿನ ಹಿಮ್ಮಡಿ ಎತ್ತುವುದು. ಏರಲು 3 ಸೆಕೆಂಡ್, ಇಳಿಯಲು 3 ಸೆಕೆಂಡ್, ಬಾಯಲ್ಲಿ ಎಣಿಸಿ, ಕುಪ್ಪಳಿಸಬೇಡಿ. 15 ಸಲಕ್ಕೆ ಕಾಲು ಸೋಲುವ ಭಾರದಲ್ಲಿ 3 ಸುತ್ತು ಒಂದು ವಾರ, 12 ಸಲದ ಭಾರದಲ್ಲಿ ಎರಡು ವಾರ, ನಂತರ 4 ಸುತ್ತಿಗೆ ಏರಿಸಿ 10, 8, ಕೊನೆಗೆ 6 ಸಲದ ಭಾರ, 12 ವಾರದವರೆಗೆ. ಸಲ ಕಡಿಮೆಯಾದಂತೆ ಭಾರ ಹೆಚ್ಚಲೇಬೇಕು, ಇಲ್ಲೇ ಹೆಚ್ಚಿನವರು ತಪ್ಪುವುದು. ಬೆನ್ನುಚೀಲದಲ್ಲಿ ನೀರಿನ ಬಾಟಲಿ ತುಂಬಿಸಿ, ಒಂದು ಲೀಟರಿಗೆ ಒಂದು ಕೆ.ಜಿ. ಲೆಕ್ಕ. ಆಮೇಲೆ ಒಂಟಿಕಾಲು.

ಅರ್ಧದಷ್ಟು ಕೆಲಸ ಮಂಡಿ ಬಾಗಿಸಿಯೇ ಆಗಲಿ. ಪೆಡಲ್ ಮೇಲೆ ಮಂಡಿ ಎಂದೂ ಪೂರ್ತಿ ನೇರವಾಗುವುದಿಲ್ಲ, ಆ ಸ್ಥಿತಿಯಲ್ಲಿ ಒಳಗಿನ ಸೋಲಿಯಸ್ ಸ್ನಾಯುವಿಗೇ ಹೆಚ್ಚು ಹೊರೆ. ಕುರ್ಚಿಯಲ್ಲಿ ಕೂತು ತೊಡೆಯ ತುದಿಗೆ ಭಾರ ಇಟ್ಟುಕೊಂಡು ಹಿಮ್ಮಡಿ ಎತ್ತಿದರೆ ಸಾಕು.

ನೋವು 10ರಲ್ಲಿ 5ರವರೆಗೆ ಸಹ್ಯ, ಆದರೆ ಮರುದಿನ ಬೆಳಗಿನ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವಾದರೆ ಭಾರ ಸರಿಯಿದೆ, ಪ್ರಮಾಣ ಜಾಸ್ತಿ: ಒಂದು ಸುತ್ತು ಕಡಿಮೆ ಮಾಡಿ. ಮೂರು ವಾರಕ್ಕೆ ಫಲ ಕಾಣಲಿಲ್ಲ ಎಂದು ಬಿಡಬೇಡಿ. ಗಂಟು ಕರಗಲು ತಿಂಗಳುಗಳೇ ಬೇಕು, ನೋವು ಅದಕ್ಕಿಂತ ಮೊದಲೇ ಹೋಗುತ್ತದೆ. ಟೆಂಡನ್ ಒಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಯಾರೇ ಹೇಳಿದರೂ ಒಪ್ಪಬೇಡಿ, ಹರಿಯುವ ಅಪಾಯ ಇದೆ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಬಗೆಯ ಆಂಟಿಬಯಾಟಿಕ್ ಬರೆಯುವಾಗಲೂ ನಿಮ್ಮ ಟೆಂಡನ್ ವಿಷಯ ವೈದ್ಯರಿಗೆ ತಿಳಿಸಿ.

ಹಿಂಗಾಲಿ:

ಇದೇ ನೋವು ಮೇಲಲ್ಲ, ಹಿಮ್ಮಡಿ ಮೂಳೆಗೆ ಟೆಂಡನ್ ಅಂಟುವ ಜಾಗದಲ್ಲೇ ಇದ್ದರೆ ಈ ಕ್ರಮವೇ ಸಾಕಾ?

ಮಂದಗತಿ:

ಕ್ರಮ ಅದೇ, ಮೆಟ್ಟಿಲ ಅಂಚು ಮಾತ್ರ ಬೇಡ. ಹಿಮ್ಮಡಿ ಮಟ್ಟಕ್ಕಿಂತ ಕೆಳಗೆ ಇಳಿದರೆ ಟೆಂಡನ್ ಮೂಳೆಗೆ ಒತ್ತಿಕೊಂಡು ಅಲ್ಲೇ ಕೆರಳುತ್ತದೆ, ಆದ್ದರಿಂದ ಸಮ ನೆಲದ ಮೇಲೇ ಮಾಡಿ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದನ್ನೂ ಇದೇ ಕಾರಣಕ್ಕೆ ನಿಲ್ಲಿಸಿ. ಓಡಾಡುವ ಚಪ್ಪಲಿ–ಶೂಗಳಲ್ಲಿ ಎರಡೂ ಕಾಲಿಗೆ 10 ಮಿ.ಮೀ. ಹಿಮ್ಮಡಿ ದಿಂಬು ಇಡಿ, ಸೈಕಲ್ ಶೂನಲ್ಲಿ ಅದರಿಂದ ಹೆಚ್ಚು ಲಾಭ ಇಲ್ಲ, ಅಲ್ಲಿ ಭಾರ ಬೀಳುವುದು ಮುಂಪಾದದ ಮೇಲೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಎರಡೂ ಹಿಮ್ಮಡಿಯಲ್ಲಿದ್ದರೆ ಸಂಧಿವಾತದ ಪರೀಕ್ಷೆ ಮಾಡಿಸಿ.

ಸ್ಪೋಕ್ ಕೀ:

ಆ ಜಾಗದ ನೋವಿಗೆ ಶೂನ ಹಿಂಬದಿ ಅಂಚನ್ನೂ ನೋಡಿ. ಗಟ್ಟಿ ಕಪ್ ಮೂಳೆಗೆ ಎಲ್ಲಿ ತಾಗುತ್ತದೆ ಎಂದು ತಿಳಿಯಲು ಹಿಮ್ಮಡಿಗೆ ಲಿಪ್‌ಸ್ಟಿಕ್ ಹಚ್ಚಿ ಬರಿಗಾಲಲ್ಲಿ ಶೂ ಹಾಕಿ ತೆಗೆಯಿರಿ, ಒಳಗೆ ಗುರುತು ಬೀಳುತ್ತದೆ. ಕಪ್ ಪ್ಲಾಸ್ಟಿಕ್‌ನದಾದರೆ ಆ ಜಾಗವನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಚಮಚದ ಬೆನ್ನಿನಿಂದ ಹೊರಕ್ಕೆ ಒತ್ತಿ ಹಿಡಿದು ತಣಿಸಬಹುದು. ಕಾರ್ಬನ್ ಕಪ್ ಆದರೆ ಹಾಗೆ ಮಾಡಬೇಡಿ, ಒಳಗೆ ಗುರುತಿನ ಮೇಲೂ ಕೆಳಗೂ ತೆಳು ಫೆಲ್ಟ್ ಅಂಟಿಸಿ, ನಡುವೆ ಖಾಲಿ ಬಿಡಿ.