ಕರೆಂಟ್ ಹೋಗಿ ಬಂದ ಮೇಲೆ ಬ್ಯಾಕಪ್ ಸರ್ವರ್‌ನ ವೈರ್‌ಗಾರ್ಡ್ ಟನಲ್ ಏಳುತ್ತಿಲ್ಲ

ಹಾಸನ_ಸ್ಟುಡಿಯೋ:
ನಮಸ್ಕಾರ. ಹಾಸನದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಫೋಟೋಗಳ ಎರಡನೇ ಕಾಪಿ ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಇಡುತ್ತೇನೆ. ಅಲ್ಲಿ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಒಂದು ಡಿಸ್ಕ್, 4ಜಿ ಸಿಮ್ ಹಾಕಿದ ರೂಟರ್, ಇಷ್ಟೇ. ಸಿಮ್‌ಗೆ ಪಬ್ಲಿಕ್ ಐಪಿ ಇಲ್ಲ, ಪೋರ್ಟ್ ಫಾರ್ವರ್ಡ್ ನಡೆಯಲ್ಲ, ಅಂದರೆ ಹೊರಗಿನಿಂದ ನೇರವಾಗಿ ಪೈಗೆ ಹೋಗಲಾಗಲ್ಲ. ಅದಕ್ಕೆ ಪೈಯಿಂದಲೇ ಒಂದು ಬಾಡಿಗೆ ವಿಪಿಎಸ್‌ಗೆ (ಇಂಟರ್ನೆಟ್‌ನಲ್ಲಿರುವ ಸರ್ವರ್) ವೈರ್‌ಗಾರ್ಡ್ ಟನಲ್, ಅಂದರೆ ಗುಪ್ತ ಸಂಪರ್ಕ, ಹಾಕಿದ್ದೇನೆ. ಇಲ್ಲಿಂದ ಅದರ ಮೂಲಕ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿ ಪೈ ಒಳಗೆ ಹೋಗುತ್ತೇನೆ.

ಮಳೆ ಹಿಡಿದ ಮೇಲೆ ತಲೆನೋವು ಶುರು. ಕರೆಂಟ್ ಹೋಗಿ ಬಂದರೆ ಟನಲ್ ಏಳುವುದಿಲ್ಲ. ಒಮ್ಮೊಮ್ಮೆ 20 ನಿಮಿಷಕ್ಕೆ ತಾನೇ ಬರುತ್ತದೆ, ಒಮ್ಮೊಮ್ಮೆ ಮುಕ್ಕಾಲು ಗಂಟೆ. ಅಪ್ಪನಿಗೆ ಫೋನ್ ಮಾಡಿ ಪ್ಲಗ್ ಕಿತ್ತು ಹಾಕಿಸಿದರೆ ಇನ್ನೂ ತಡ! ವಿಪಿಎಸ್ ರೀಸ್ಟಾರ್ಟ್ ಮಾಡಿದರೆ ಮಾತ್ರ ತಕ್ಷಣ ಬರುತ್ತದೆ. ನನ್ನ ಫೋನ್ ಬಂದರೆ ಸಾಕು, ಅಪ್ಪ "ಮತ್ತೆ ಆ ಡಬ್ಬಿನಾ?" ಅಂತಲೇ ಮಾತು ಶುರು ಮಾಡುತ್ತಾರೆ.

ಗಿರಿಮಳೆ:
ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 (ಸಂಪರ್ಕ ಕಡಿಯದಂತೆ 25 ಸೆಕೆಂಡಿಗೊಮ್ಮೆ ಪ್ಯಾಕೆಟ್ ಕಳಿಸುವುದು) ಹಾಕಿದ್ದೀರಾ ಸರ್?

ಹಾಸನ_ಸ್ಟುಡಿಯೋ:
ಮೊದಲ ದಿನದಿಂದ ಇದೆ ಸರ್.

ಚಿಕ್ಮಗ್ಳೂರ್_ಲಿನಕ್ಸ್:
ಮೂರು ವಿಷಯ ಹೇಳಿ. ಕಮಾಂಡ್ ಕೊಟ್ಟು ಪೈ ರೀಬೂಟ್ ಮಾಡಿದರೂ ಹೀಗೇ ಆಗುತ್ತಾ? ಪೈ ಕಡೆ ಅಲೋಡ್ ಐಪಿ ಸಾಲಿನಲ್ಲಿ (ಯಾವ ವಿಳಾಸಗಳ ಟ್ರಾಫಿಕ್ ಟನಲ್ ಒಳಗೆ ಹೋಗಬೇಕು ಅನ್ನುವ ಸಾಲು) ಏನಿದೆ? ಇನ್ನೊಮ್ಮೆ ಕೈಕೊಟ್ಟಾಗ ವಿಪಿಎಸ್‌ನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ, ಪ್ಯಾಕೆಟ್ ಬರುತ್ತಿದೆಯಾ ನೋಡಿ.

ಹಾಸನ_ಸ್ಟುಡಿಯೋ:
ಕಾಯಬೇಕಾಗಲೇ ಇಲ್ಲ, ನಿನ್ನೆ ರಾತ್ರಿಯೇ ಕರೆಂಟ್ ಹೋಯಿತು. 5 ಸೆಕೆಂಡಿಗೊಂದು 148 ಬೈಟ್‌ನ ಪ್ಯಾಕೆಟ್ ಬರುತ್ತಿದೆ. ವಿಪಿಎಸ್ ಮಾತ್ರ ಉತ್ತರ ಕೊಡುತ್ತಿಲ್ಲ. ಕಮಾಂಡ್ ಕೊಟ್ಟು ರೀಬೂಟ್ ಮಾಡಿದರೆ ಎಲ್ಲ ಸರಿ. ಅಲೋಡ್ ಐಪಿ 0.0.0.0/0, ಯಾವುದೋ ವಿಡಿಯೋ ನೋಡಿ ಹಾಕಿದ್ದು. ಫೈರ್‌ವಾಲ್ ಇರಬಹುದಾ?

ಚಿಕ್ಮಗ್ಳೂರ್_ಲಿನಕ್ಸ್:
ಫೈರ್‌ವಾಲ್ ಅಲ್ಲ ಮಾರಾಯ್ರೇ, ಗಡಿಯಾರ!

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಟೈಮನ್ನು ಗಂಟೆಗೊಮ್ಮೆ ಮೆಮೊರಿ ಕಾರ್ಡಿಗೆ ಬರೆದಿಟ್ಟುಕೊಳ್ಳುತ್ತದೆ. ಸರಿಯಾಗಿ ಶಟ್‌ಡೌನ್ ಮಾಡಿದರೆ ಆಗಲೂ ಬರೆಯುತ್ತದೆ. ಕರೆಂಟ್ ಹೋದರೆ ಬರೆಯಲು ಪುರುಸೊತ್ತೆಲ್ಲಿ? ಮತ್ತೆ ಎದ್ದಾಗ ಹಳೇ ಟೈಮಿನಿಂದಲೇ ಶುರು.

ಈ ಕಡೆ ನಿಮಗೆ ಕಂಡ ಆ 148 ಬೈಟ್‌ನದು ವೈರ್‌ಗಾರ್ಡ್ ಹ್ಯಾಂಡ್‌ಶೇಕ್ ಪ್ಯಾಕೆಟ್, ಅಂದರೆ ಟನಲ್ ಶುರು ಮಾಡಲು ಕಳಿಸುವ ಮೊದಲ ಸಂದೇಶ. ಅದರಲ್ಲಿ ಟೈಮೂ ಇರುತ್ತದೆ. ವಿಪಿಎಸ್ ಕೊನೆಗೆ ಒಪ್ಪಿದ ಟೈಮನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹಿಂದಿನದು ಬಂದರೆ, ಯಾರೋ ಹಳೇ ಪ್ಯಾಕೆಟ್ ಕದ್ದು ಮತ್ತೆ ಕಳಿಸುತ್ತಿದ್ದಾರೆ ಅಂತ ಸುಮ್ನೆ ಬಿಸಾಕುತ್ತದೆ. ಪೈ ಗಡಿಯಾರ ಆ ಟೈಮ್ ದಾಟಿದ ಮೇಲೆ ಟನಲ್ ತಾನೇ ಬರುತ್ತದೆ. ನಿಮ್ಮ 20 ನಿಮಿಷ, ಮುಕ್ಕಾಲು ಗಂಟೆ ಇದೇ. ಅಪ್ಪ ಪ್ಲಗ್ ಕಿತ್ತಾಗೆಲ್ಲ ಗಡಿಯಾರ ಮತ್ತೆ ಹಿಂದಕ್ಕೆ. ಪಾಪ, ಅವರ ತಪ್ಪೇನಿಲ್ಲ. ವಿಪಿಎಸ್ ರೀಸ್ಟಾರ್ಟ್ ಆದರೆ ಅದರ ನೆನಪು ಅಳಿಸಿಹೋಗುತ್ತದೆ, ಅದಕ್ಕೇ ತಕ್ಷಣ ಬರುವುದು.

ಎನ್‌ಟಿಪಿ (ಇಂಟರ್ನೆಟ್‌ನಿಂದ ಟೈಮ್ ತರುವ ವ್ಯವಸ್ಥೆ) ಟೈಮ್ ಸರಿ ಮಾಡಬೇಕಿತ್ತಲ್ಲ ಅಂತ ಕೇಳಬಹುದು. 0.0.0.0/0 ಅಂದರೆ ಎಲ್ಲ ಟ್ರಾಫಿಕ್ಕೂ ಟನಲ್ ಒಳಗೇ ಹೋಗಬೇಕು, ಎನ್‌ಟಿಪಿಯೂ ಸೇರಿ. ಟೈಮ್ ಸರಿಯಾಗದೆ ಟನಲ್ ಇಲ್ಲ, ಟನಲ್ ಇಲ್ಲದೆ ಟೈಮ್ ಇಲ್ಲ. ಅಲೋಡ್ ಐಪಿಯಲ್ಲಿ ಟನಲ್‌ನ ಸಬ್‌ನೆಟ್ (ಟನಲ್ ಒಳಗಿನ ವಿಳಾಸಗಳ ಗುಂಪು) ಮಾತ್ರ ಬರೆಯಿರಿ. ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ವ್ಯವಸ್ಥೆ) ಸಾಲು ಇದ್ದರೆ ಅದನ್ನೂ ತೆಗೆಯಿರಿ.

ದೂರದಿಂದಲೇ ಬದಲಾಯಿಸುವುದಾದರೆ ಒಂದು ಮಾತು. ಹಳೇ ವೈರ್‌ಗಾರ್ಡ್ ಸೆಟ್ಟಿಂಗ್ ಫೈಲ್ ಕಾಪಿ ಇಟ್ಟುಕೊಳ್ಳಿ. 10 ನಿಮಿಷ ಬಿಟ್ಟು ಅದನ್ನೇ ವಾಪಸ್ ಹಾಕಿ ರೀಬೂಟ್ ಆಗುವಂತೆ ಮೊದಲೇ ಶೆಡ್ಯೂಲ್ ಮಾಡಿ. ಎಲ್ಲ ಸರಿಯಿದ್ದರೆ ಕ್ಯಾನ್ಸಲ್ ಮಾಡಿದರಾಯಿತು. ನಾನು ಒಮ್ಮೆ ಇದನ್ನು ಮಾಡದೆ ಒಂದು ಅಕ್ಷರ ತಪ್ಪಿ, ಮಳೆಯಲ್ಲಿ ಕೊಪ್ಪದವರೆಗೆ ಬೈಕಿನಲ್ಲಿ ಹೋಗಿ ಬಂದಿದ್ದೇನೆ.

ಹಾಸನ_ಸ್ಟುಡಿಯೋ:
10.8.0.0/24 ಹಾಕಿದೆ, ಕೆಲಸ ಮಾಡಿತು. ಆದರೂ ಭಾನುವಾರ ಬೇಲೂರು ದಾಟಿ ಊರಿಗೆ ಹೋಗಿ ಡಿಎಸ್3231 ಅನ್ನುವ ಬ್ಯಾಟರಿ ಗಡಿಯಾರದ ಮಾಡ್ಯೂಲ್ ಕೂಡ ಕೂರಿಸಿ ಬಂದೆ. ಎರಡು ಸಲ ಪ್ಲಗ್ ಕಿತ್ತು ನೋಡಿದೆ. ರೂಟರ್‌ಗೆ ಸಿಗ್ನಲ್ ಸಿಕ್ಕ ಕೂಡಲೇ ಟನಲ್ ಬಂತು. ತುಂಬಾ ಥ್ಯಾಂಕ್ಸ್ ಸರ್.

ಗಿರಿಮಳೆ:
ನನ್ನದು ಪೈ 5. ನನಗೂ ಮಾಡ್ಯೂಲ್ ಬೇಕಾ?

ಚಿಕ್ಮಗ್ಳೂರ್_ಲಿನಕ್ಸ್:
ಬೇಡ, ಗಡಿಯಾರ ಬೋರ್ಡಿನಲ್ಲೇ ಇದೆ. ಬ್ಯಾಟರಿ ಮಾತ್ರ ಬೇರೆ ತಂದು ಸಿಕ್ಕಿಸಬೇಕು.